ಜುಲೈ 25: ಡೀನ್–ಜೆರ್ರಿ ಯಾಕೆ ಬೇರೆಯಾದರು?

ಫೋರ್ಟ್ ಮಾಣಿ (ಮುಲುಂಡ್)

ನಾಡಿದ್ದು ಜುಲೈ 25. ಹಬ್ಬ ಅಲ್ಲ, ಯಾರ ಜಯಂತಿಯೂ ಅಲ್ಲ. ಆದರೂ ನನಗೆ ಪ್ರತಿ ವರ್ಷ ಈ ತಾರೀಕು ತಪ್ಪದೆ ನೆನಪಾಗುತ್ತದೆ. 1946ರಲ್ಲಿ ಈ ದಿನ ಅಮೆರಿಕದ ಅಟ್ಲಾಂಟಿಕ್ ಸಿಟಿಯ 500 ಕ್ಲಬ್ಬಿನಲ್ಲಿ ಡೀನ್ ಮಾರ್ಟಿನ್, ಜೆರ್ರಿ ಲೂಯಿಸ್ ಅನ್ನುವ ಹಾಸ್ಯ ಜೋಡಿ ಶುರುವಾಯಿತು. 1956ರಲ್ಲಿ ಇದೇ ದಿನ ನ್ಯೂಯಾರ್ಕಿನ ಕೋಪಾಕಬಾನಾ ಕ್ಲಬ್ಬಿನಲ್ಲಿ ಮುಗಿಯಿತು. ಲೆಕ್ಕ ಹಾಕಿಟ್ಟ ಹಾಗೆ ಹತ್ತು ವರ್ಷ.

ಎಲ್ಲಿಯ ಕುಂದಾಪುರದವ, ಎಲ್ಲಿಯ ಡೀನ್ ಮಾರ್ಟಿನ್ ಅಂತ ನೀವು ಕೇಳಬಹುದು. ಹೇಳುತ್ತೇನೆ. 1965ರಲ್ಲಿ ನಾನು ಮುಂಬೈಗೆ ಬಂದಾಗ ವಯಸ್ಸು ಹದಿನಾಲ್ಕು. ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಮಾಣಿ. ಹಗಲು ಟೇಬಲ್ ಒರೆಸುವುದು, ಸಂಜೆ ಕನ್ನಡ ರಾತ್ರಿ ಶಾಲೆ, ರಾತ್ರಿ ಅದೇ ಟೇಬಲ್‌ಗಳನ್ನು ಜೋಡಿಸಿ ಮೇಲೆ ಮಲಗುವುದು. ತಿಂಗಳಿಗೊಮ್ಮೆ ಭಾನುವಾರ ಬೆಳಗಿನ ಆಟಕ್ಕೆ ಬಿಡುತ್ತಿದ್ದರು. ಹಿಂದಿ ಹಾಡು ಹೋಟೆಲಿನ ರೇಡಿಯೋದಲ್ಲಿ ಪುಕ್ಕಟೆ ಸಿಗುತ್ತಿತ್ತು. ಹಾಗಾಗಿ ದುಡ್ಡು ಕೊಟ್ಟು ನೋಡುವುದಾದರೆ ಇಂಗ್ಲಿಷ್ ಸಿನಿಮಾ! ಒಂದು ಮಾತೂ ತಿಳಿಯುತ್ತಿರಲಿಲ್ಲ. ಅದಕ್ಕೇ ಮಾತು ತಿಳಿಯದಿದ್ದರೂ ನಗು ಬರುವ ಸಿನಿಮಾ ಹುಡುಕುತ್ತಿದ್ದೆವು.

ಹಾಗೆ ಸಿಕ್ಕವರು ಇವರಿಬ್ಬರು. ಒಬ್ಬ, ಡೀನ್, ಎತ್ತರ, ಚಂದ, ತಲೆಗೂದಲು ಕದಲುವುದಿಲ್ಲ. ಇನ್ನೊಬ್ಬ, ಜೆರ್ರಿ, ಕೋತಿ. ಆ ಕೋತಿಯ ಕೈಕಾಲು ಅವನ ಮಾತನ್ನೇ ಕೇಳುತ್ತಿರಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಮಾರನೇ ದಿನ ನಮ್ಮ ಹೋಟೆಲಿಗೆ ಬರುವ ಒಬ್ಬ ಪಾರ್ಸಿ ಗಿರಾಕಿಗೆ ಹೇಳಿದೆ. ಅವರು ಸಿನಿಮಾ ಹುಚ್ಚಿನವರು, ಹಳೇ ಇಂಗ್ಲಿಷ್ ಪತ್ರಿಕೆಗಳನ್ನು ಓದಿ ಟೇಬಲ್ ಮೇಲೆಯೇ ಬಿಟ್ಟು ಹೋಗುತ್ತಿದ್ದರು. ಚಹಾ ಹೀರಿ, ನಿಧಾನಕ್ಕೆ ಹೇಳಿದರು: 'ಅವರಿಬ್ಬರೂ ಮಾತು ಬಿಟ್ಟು ಹತ್ತು ವರ್ಷ ಆಯ್ತು ಕಣೋ.'

ನಿನ್ನೆ ತಾನೆ ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿ ಹಾಡಿದ್ದನ್ನು ನೋಡಿದ್ದೆ. ಮಾತು ಬಿಟ್ಟಿದ್ದಾರೆ ಅಂದರೆ ಏನು? ಆ ದಿನ ಇಡೀ ತಲೆಯಲ್ಲಿ ಅದೇ.

ನಿಮಗೇನನ್ನಿಸುತ್ತದೆ? ತಪ್ಪು ಯಾರದು? ನನ್ನ ಮಾತು ಆಮೇಲೆ ಹೇಳುತ್ತೇನೆ.


ಡೊಂಬಿವಲಿ ಲೋಕಲ್

ಮಾಮ, ಈ ವಿಷಯಕ್ಕೆ ನಮ್ಮ ಮನೆಯಲ್ಲಿ ಎರಡು ಪಕ್ಷ ಇತ್ತು! ಅಪ್ಪ ಡೀನ್ ಕಡೆ, ನಾನು ಜೆರ್ರಿ ಕಡೆ. ಅಪ್ಪನ ಹತ್ತಿರ ಡೀನ್ ಹಾಡಿದ ರೆಕಾರ್ಡ್ ಇತ್ತು. ಭಾನುವಾರ ಬೆಳಿಗ್ಗೆ ಬಟ್ಟೆಗೆ ಇಸ್ತ್ರಿ ಹಾಕುತ್ತಾ ಕೇಳುತ್ತಿದ್ದರು.

ನನ್ನ ಮಾತು ನೇರ. ಜೆರ್ರಿ ಕೆಲಸಗಾರ. ಕ್ಯಾಮೆರಾ ಹೇಗೆ ನಡೆಯುತ್ತದೆ, ಎಡಿಟಿಂಗ್ ಹೇಗೆ ಮಾಡುತ್ತಾರೆ ಎಲ್ಲ ಕಲಿತ. ಬೇರೆಯಾದ ಮೇಲೆ 1960ರಲ್ಲಿ ದಿ ಬೆಲ್‌ಬಾಯ್ ತಾನೇ ಬರೆದು, ತಾನೇ ನಿರ್ದೇಶಿಸಿ, ತಾನೇ ನಟಿಸಿದ. ಅದರಲ್ಲಿ ಅವನು ಹೋಟೆಲ್ ಹುಡುಗ, ಸಿನಿಮಾ ಮುಗಿಯುವವರೆಗೂ ಬಾಯಿ ಬಿಡುವುದಿಲ್ಲ. 1963ರಲ್ಲಿ ದಿ ನಟ್ಟಿ ಪ್ರೊಫೆಸರ್. ಡೀನ್ ಅಷ್ಟು ಹೊತ್ತು ಗಾಲ್ಫ್ ಆಡುತ್ತಿದ್ದ. ಕೆಲಸ ಮಾಡಿದವನಿಗೆ ಹೆಸರು ಬಂದರೆ ಅದಕ್ಕೆ ಮುನಿಸಿಕೊಳ್ಳುವುದು ಯಾಕೆ?


ಹೊಸಬ 27

ಬೈಬೇಡಿ, ಸುಮ್ನೆ ಕೇಳ್ತಿದೀನಿ. ನಿಮ್ಮ ಪೋಸ್ಟ್ ನೋಡಿ ಬೇಲಾಪುರದಿಂದ ಸಿಎಸ್‌ಟಿವರೆಗೆ ನಾಲ್ಕೈದು ವಿಡಿಯೋ ನೋಡಿದೆ. ಜೆರ್ರಿ ಸೂಪರ್. ಆದರೆ ಡೀನ್ ಏನು ಮಾಡ್ತಾನೆ? ನಿಲ್ತಾನೆ, ಹಾಡ್ತಾನೆ, ಮತ್ತೆ ನಿಲ್ತಾನೆ. ಅವನ ಜಾಗದಲ್ಲಿ ಯಾರು ನಿಂತಿದ್ದರೂ ನಡೀತಿತ್ತು ಅಲ್ವಾ?


ಫೋರ್ಟ್ ಮಾಣಿ (ಮುಲುಂಡ್)

ಬೈಯುವುದಿಲ್ಲ ಮಾರಾಯ. ನೀನು ಕೇಳಿದ ಪ್ರಶ್ನೆಯೇ ಆ ಜೋಡಿಯನ್ನು ಒಡೆದದ್ದು.

1954ರಲ್ಲಿ ಲುಕ್ ಅನ್ನುವ ಪತ್ರಿಕೆ ಇವರ ಸಿನಿಮಾದ ಫೋಟೋ ಒಂದನ್ನು ಮುಖಪುಟಕ್ಕೆ ಹಾಕಿತು. ಫೋಟೋದಲ್ಲಿ ಡೀನ್ ಇದ್ದ. ಅಚ್ಚಾಗಿ ಬಂದಾಗ ಇರಲಿಲ್ಲ. ಕತ್ತರಿಸಿ ಬಿಸಾಕಿದ್ದರು. ಮದುವೆ ಫೋಟೋದಿಂದ ಮದುಮಗನನ್ನು ಕತ್ತರಿಸಿದ ಹಾಗೆ! ಅದೇ ಹೊತ್ತಿಗೆ ಸಿನಿಮಾಗಳಲ್ಲೂ ಅವನ ಪಾತ್ರ ಸಣ್ಣದಾಗುತ್ತಾ ಬಂದಿತ್ತು. ಎಲ್ಲರೂ ನಿನ್ನ ಹಾಗೆ ಕೇಳುತ್ತಿದ್ದರು: ಇವನು ಏನು ಮಾಡ್ತಾನೆ?

ಒಂದು ಕೆಲಸ ಮಾಡು. ನಾಳೆ ಟ್ರೈನಿನಲ್ಲಿ ಅದೇ ವಿಡಿಯೋ ಮತ್ತೆ ಹಾಕು. ಜೆರ್ರಿ ಇರುವ ಕಡೆ ಹೆಬ್ಬೆರಳು ಅಡ್ಡ ಇಟ್ಟು ಡೀನ್‌ನನ್ನು ಮಾತ್ರ ನೋಡು. ಹಾಡು ನಿಂತ ಪದದಿಂದಲೇ ಮತ್ತೆ ಹೇಗೆ ಎತ್ತಿಕೊಳ್ಳುತ್ತಾನೆ ನೋಡು. ಜೆರ್ರಿ ಕಿರುಚಿದ ತಕ್ಷಣ ತಿರುಗುವುದಿಲ್ಲ. ಒಂದು ಉಸಿರು ಬಿಟ್ಟು ತಿರುಗುತ್ತಾನೆ. ಆ ಒಂದು ಉಸಿರಿನಲ್ಲಿ ನಮಗೆ ನಗಲು ಜಾಗ ಸಿಗುತ್ತದೆ. ಬೇಗ ತಿರುಗಿದರೆ ನಗು ಸತ್ತು ಹೋಗುತ್ತದೆ, ತಡವಾದರೆ ಆರಿ ಹೋಗುತ್ತದೆ. ಮತ್ತೆ, ಬೈಯುವಾಗಲೂ ಅವನ ಕಣ್ಣಿನಲ್ಲಿ ಸಿಟ್ಟು ಇರುವುದಿಲ್ಲ. ತಮ್ಮನ ಮೇಲೆ ಇರುವಂಥ ಪ್ರೀತಿ ಇರುತ್ತದೆ. ಅದಿಲ್ಲದಿದ್ದರೆ ಜೆರ್ರಿ ನಮಗೆ ಬರೀ ಕಾಟ ಕೊಡುವ ಹುಡುಗನ ಹಾಗೆ ಕಾಣುತ್ತಿದ್ದ.

ಇವರ ಮೊದಲ ರಾತ್ರಿಯ ಕಥೆ ಗೊತ್ತಾ? ಜೋಡಿ ಶುರುವಾದಾಗ ಡೀನ್‌ಗೆ 29, ಜೆರ್ರಿಗೆ 20. ಡೀನ್ ಅದಕ್ಕೆ ಮುಂಚೆ ಉಕ್ಕಿನ ಕಾರ್ಖಾನೆಯಲ್ಲಿ ದುಡಿದವ, ಬಾಕ್ಸಿಂಗ್ ಆಡಿದವ, ಜೂಜಿನ ಅಡ್ಡೆಯಲ್ಲಿ ಎಲೆ ಹಂಚಿದವ. ಜೆರ್ರಿ ರೆಕಾರ್ಡ್ ಹಾಕಿ ಅದಕ್ಕೆ ಬಾಯಿ ಆಡಿಸುತ್ತಿದ್ದವ. ಮೊದಲ ಆಟಕ್ಕೆ ಯಾರೂ ನಗಲಿಲ್ಲ. ಕ್ಲಬ್ ಮಾಲೀಕ ಬಂದು, ಎರಡನೇ ಆಟವೂ ಹೀಗೇ ಆದರೆ ಗಂಟುಮೂಟೆ ಕಟ್ಟಿ ಅಂದ. ಇಬ್ಬರೂ ಇದ್ದಬದ್ದ ಸ್ಕ್ರಿಪ್ಟ್ ಬಿಟ್ಟು, ಬಾಯಿಗೆ ಬಂದದ್ದನ್ನು ಮಾಡಲು ಹೊರಟರು. ಡೀನ್ ಹಾಡಲು ನಿಂತ. ಜೆರ್ರಿ ಹೋಟೆಲ್ ಮಾಣಿಯ ವೇಷ ಹಾಕಿ ಬಂದು ತಟ್ಟೆ ಬೀಳಿಸಿದ. ಹಾಡು ನಿಂತಿತು, ಜನ ನಕ್ಕರು. ಅಲ್ಲಿಂದ ಅವರನ್ನು ಹಿಡಿಯುವವರೇ ಇರಲಿಲ್ಲ.

ಇದನ್ನು ಮೊದಲ ಸಲ ಓದಿದಾಗ ನನಗೆ ಮೈ ಜುಮ್ಮೆಂದಿತು. ನಾನೂ ಬೀಳಿಸಿದ್ದೆನಲ್ಲ! ಒಂದೇ ಕೈಯಲ್ಲಿ ಆರು ಕಪ್ಪು, ಆರು ಬಸಿ. ನಮ್ಮಲ್ಲಿ ಯಾರೂ ಹಾಡುತ್ತಿರಲಿಲ್ಲ. ಹಾಗಾಗಿ ಅದು ಹಾಸ್ಯ ಆಗಲಿಲ್ಲ, ಸಂಬಳದಲ್ಲಿ ಮುರಿದುಕೊಂಡರು.


ಚೆಂಡೆ ಸದ್ದು (ಭಾಂಡುಪ್)

ಮಾಣಿಯಣ್ಣ, ನೀವು ಹೇಳಿದ ಈ ಡೀನ್ ಅಂದರೆ ನಮ್ಮ ಯಕ್ಷಗಾನದಲ್ಲಿ ಹಾಡಿ ಆಟ ನಡೆಸುವ ಭಾಗವತರು ಅಲ್ಲವಾ!

ಹಾಸ್ಯಗಾರ ರಂಗಕ್ಕೆ ಬಂದಾಗ ಮೊದಲು ಮಾತಾಡಿಸುವವರು ಯಾರು? ಭಾಗವತರು. 'ಯಾರಪ್ಪ ನೀನು?' ಅಂತ ಕೇಳುತ್ತಾರೆ. ಗಂಭೀರವಾಗಿ. ಅವನು ಅಡ್ಡ ಉತ್ತರ ಕೊಡುತ್ತಾನೆ. ಅವರು ಮತ್ತೆ ಅಷ್ಟೇ ಗಂಭೀರವಾಗಿ 'ಅದಲ್ಲ ಕೇಳಿದ್ದು' ಅನ್ನುತ್ತಾರೆ. ಭಾಗವತರು ತಾವೇ ನಕ್ಕುಬಿಟ್ಟರೆ ಆಟ ಕೆಟ್ಟಿತು. ನಾನು ಎಷ್ಟೋ ಸಲ ನೋಡಿದ್ದೇನೆ. ಊರಿನಲ್ಲಿ ಭಾರಿ ಹೆಸರು ಮಾಡಿದ ಹಾಸ್ಯಗಾರರು, ಮಳೆಗಾಲದಲ್ಲಿ ಇಲ್ಲಿಗೆ ಬಂದಾಗ, ಪರಿಚಯ ಇಲ್ಲದ ಭಾಗವತರ ಜೊತೆ ನಿಂತು ಬೆವರುತ್ತಾರೆ. ಮಾತು ಅದೇ, ವೇಷ ಅದೇ, ಎದುರು ಪೆಟ್ಟು ಸರಿಯಾದ ಹೊತ್ತಿಗೆ ಬೀಳುವುದಿಲ್ಲ.

ಆದರೂ ಜನ ಮನೆಗೆ ಹೋಗುವಾಗ ಹಾಸ್ಯಗಾರನ ಮಾತನ್ನೇ ಹೇಳಿಕೊಂಡು ಹೋಗುತ್ತಾರೆ. 'ಅದಲ್ಲ ಕೇಳಿದ್ದು' ಅಂತ ಭಾಗವತರು ಅಂದದ್ದು ಯಾರಿಗೆ ನೆನಪಿರುತ್ತದೆ?


ಧಾರವಾಡದವ (ಕೊಥ್ರೂಡ್, ಪುಣೆ)

ಎಲ್ಲಾರೂ ಡೀನ್–ಜೆರ್ರಿ ಅಂತ ಕೂತಿರಿ. ನಮ್ಮ ಅಬ್ಬಟ್–ಕಾಸ್ಟೆಲೋ ಅವರನ್ನ ಮರೆತೇ ಬಿಟ್ಟಿರೇನ್ರಿ?

ಭಾಗವತರ ಮಾತು ಬಂತಲ್ಲ, ಅದಕ್ಕೇ ಹೇಳುತ್ತೇನೆ. ಹಳೇ ಕಾಲದ ಅಮೆರಿಕನ್ ತಮಾಷೆ ಆಟಗಳಲ್ಲಿ ಎದುರು ನಿಂತು ಪ್ರಶ್ನೆ ಕೇಳುವವನಿಗೇ ಜಾಸ್ತಿ ಪಗಾರ. ಯಾಕೆಂದರೆ ನಗಿಸುವವರು ಬೇಕಾದಷ್ಟು ಸಿಗುತ್ತಿದ್ದರು, ಸರಿಯಾಗಿ ಎದುರು ನಿಲ್ಲುವವರು ಸಿಗುತ್ತಿರಲಿಲ್ಲ. ಬಡ್ ಅಬ್ಬಟ್ ಅಂಥವನು. 1936ರಲ್ಲಿ ಲೂ ಕಾಸ್ಟೆಲೋ ಜೊತೆ ಸೇರಿದಾಗ ನೂರಕ್ಕೆ ಅರವತ್ತು ಅಬ್ಬಟ್‌ಗೆ, ನಲವತ್ತು ಕಾಸ್ಟೆಲೋಗೆ. ಆಮೇಲೆ ಸಿನಿಮಾ ಬಂತು, ಕಾಸ್ಟೆಲೋನ ಮುಖ ದೊಡ್ಡದಾಗಿ ಕಂಡಿತು, ಲೆಕ್ಕ ತಿರುವುಮುರುವಾಯಿತು. ಅರವತ್ತು ಅವನಿಗೆ, ನಲವತ್ತು ಅಬ್ಬಟ್‌ಗೆ. ಅಬ್ಬಟ್‌ಗೆ ಒಳಗೆ ಚುಚ್ಚಿರಲಿಕ್ಕಿಲ್ಲವಾ?

ಇನ್ನೊಂದು ಮಜಾ. 1938ರಲ್ಲಿ ರೇಡಿಯೋಗೆ ಬಂದಾಗ ಇಬ್ಬರ ದನಿ ಒಂದೇ ಥರ ಕೇಳಿಸುತ್ತಿತ್ತು. ಯಾರು ಯಾರು ಅಂತ ತಿಳಿಯುತ್ತಿರಲಿಲ್ಲ. ಅದಕ್ಕೆ ಕಾಸ್ಟೆಲೋ ತನ್ನ ದನಿಯನ್ನು ಕೀರಲು ಮಾಡಿಕೊಂಡ. ನಾವೆಲ್ಲ ಅದನ್ನು ಅವನ ಹುಟ್ಟು ದನಿ ಅಂದುಕೊಂಡಿದ್ದೆವು.

ಅವರ ಬೇಸ್‌ಬಾಲ್ ಮಾತುಕತೆ ಗೊತ್ತಲ್ಲ? ಒಬ್ಬ ಆಟಗಾರನ ಹೆಸರೇ 'ಯಾರು', ಇನ್ನೊಬ್ಬನದು 'ಏನು'. ಇದನ್ನು ನಾವು ಕನ್ನಡಕ್ಕೆ ಒಗ್ಗಿಸಿಕೊಂಡು ಮನೆಯಲ್ಲಿ ಆಡುತ್ತೇವೆ. ಹೋಟೆಲಿನದ್ದು ಅಂತ ಇಟ್ಟುಕೊಳ್ಳಿ:

– ಗಲ್ಲಾದ ಮೇಲೆ ಯಾರು?
– ಹೌದು.
– ಹೌದಲ್ಲ ರೀ, ಗಲ್ಲಾದ ಮೇಲೆ ಕೂತವರ ಹೆಸರು?
– ಯಾರು.
– ಅದನ್ನೇ ನಾನು ಕೇಳ್ತಿರೋದು!
– ಅದನ್ನೇ ನಾನು ಹೇಳ್ತಿರೋದು.

ನನ್ನ ಮೊಮ್ಮಗ ಕಾಸ್ಟೆಲೋ, ನಾನು ಅಬ್ಬಟ್. ಮೊಮ್ಮಗ ಕುಣಿದಾಡುತ್ತಾನೆ, ಎಲ್ಲರೂ ಅವನಿಗೇ ಚಪ್ಪಾಳೆ ಹೊಡೆಯುತ್ತಾರೆ. ನಾನು 'ಹೌದು' ಅನ್ನುವುದನ್ನು ಒಂದು ಚೂರು ನಗುತ್ತಾ ಅಂದರೂ ಇಡೀ ಆಟ ಠುಸ್. ಮಾಡಿ ನೋಡಿರಿ, ಆಮೇಲೆ ಹೇಳಿರಿ ಸುಲಭವೋ ಕಷ್ಟವೋ ಅಂತ.


ಹೊಸಬ 27

ಇದು ಆಫೀಸಿನಲ್ಲಿ ಟ್ರೈ ಮಾಡಿದೆ. 'ಹೌದು' ಅನ್ನುವಾಗ ನಗು ತಡೆಯೋಕೆ ಆಗಲಿಲ್ಲ. ಠುಸ್.

ಇವರೂ ಬೇರೆ ಆದ್ರಾ?


ಧಾರವಾಡದವ (ಕೊಥ್ರೂಡ್, ಪುಣೆ)

ಆದರು. 1957ರ ಜುಲೈನಲ್ಲಿ. ಆದರೆ ಅದಕ್ಕೂ ಮೊದಲು 1945ರಲ್ಲೇ ಒಮ್ಮೆ ಕೆಟ್ಟಿತ್ತು. ಕಾಸ್ಟೆಲೋ ಮನೆಯಿಂದ ಬಿಡಿಸಿದ ಕೆಲಸದಾಕೆಯನ್ನು ಅಬ್ಬಟ್ ತನ್ನ ಮನೆಗೆ ಇಟ್ಟುಕೊಂಡ. ಅಷ್ಟಕ್ಕೇ! ಕ್ಯಾಮೆರಾ ಮುಂದೆ ಬಿಟ್ಟರೆ ಮಾತಿಲ್ಲ, ಕಥೆಯಿಲ್ಲ. 1946ರಲ್ಲಿ ಬಂದ ಎರಡು ಸಿನಿಮಾ ನೋಡಿರಿ, ಅವರಿಬ್ಬರೂ ಜೋಡಿಯಾಗಿಯೇ ಇಲ್ಲ, ಬೇರೆ ಬೇರೆ ಪಾತ್ರ.

ಅವರನ್ನು ಮತ್ತೆ ಹತ್ತಿರ ತಂದದ್ದು ಒಂದು ಸಂಕಟದ ವಿಷಯ. 1943ರ ನವೆಂಬರ್‌ನಲ್ಲಿ ಕಾಸ್ಟೆಲೋನ ಮಗು ಮನೆಯ ಈಜುಕೊಳದಲ್ಲಿ ಬಿದ್ದು ತೀರಿಕೊಂಡಿತು. ಒಂದು ವರ್ಷ ತುಂಬಲು ಇನ್ನು ಎರಡು ದಿನ ಇತ್ತು. ಆ ರಾತ್ರಿ ರೇಡಿಯೋ ಕಾರ್ಯಕ್ರಮ ಇತ್ತು. ಕಾಸ್ಟೆಲೋ ಹೋಗಿ ಮಾಡಿ ಬಂದ. ಮುಂದೆ ಬಡ ಮಕ್ಕಳಿಗಾಗಿ ಇಬ್ಬರೂ ಸೇರಿ ಒಂದು ಕೇಂದ್ರ ಕಟ್ಟಿಸಲು ಹೊರಟಾಗ, ಅದಕ್ಕೆ ಆ ಮಗುವಿನ ಹೆಸರಿಡೋಣ ಅಂದವನು ಅಬ್ಬಟ್. ಮುನಿಸಿನ ನಡುವೆ ಹಾಗೆ ಅಂದ. 1947ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಅದು ಶುರುವಾಯಿತು.

ಜೋಡಿ ಪೂರ್ತಿ ಒಡೆದ ಮೇಲೆ ಕಾಸ್ಟೆಲೋ ಎರಡು ವರ್ಷವೂ ಬದುಕಲಿಲ್ಲ. 1959ರ ಮಾರ್ಚ್‌ನಲ್ಲಿ ಹೋದ. ಒಬ್ಬನೇ ನಟಿಸಿದ ಸಿನಿಮಾ ಒಂದೇ ಒಂದು, ಅದು ತೆರೆಗೆ ಬಂದಾಗ ಅವನೇ ಇರಲಿಲ್ಲ. ತೆರಿಗೆ ಇಲಾಖೆಯ ಬಾಕಿ ಇಬ್ಬರನ್ನೂ ಹಿಂಡಿ ಹಾಕಿತ್ತು. ಅಬ್ಬಟ್ ಬೇರೊಬ್ಬನ ಜೊತೆ ಜೋಡಿ ಮಾಡಿ ನೋಡಿದ, ಆಗಲಿಲ್ಲ. 1967ರಲ್ಲಿ ಅವರಿಬ್ಬರ ಕಾರ್ಟೂನ್ ಬಂದಾಗ ಅಬ್ಬಟ್ ತನ್ನ ದನಿ ತಾನೇ ಕೊಟ್ಟ. ಕಾಸ್ಟೆಲೋನ ದನಿಯನ್ನು ಇನ್ಯಾರೋ ಮಾಡಿದರು. ಯೋಚನೆ ಮಾಡಿ ನೋಡಿರಿ, ಎಪ್ಪತ್ತರ ಮುದುಕ ಮೈಕ್ ಮುಂದೆ ನಿಂತು, ಗೆಳೆಯನ ದನಿ ತೆಗೆಯುವ ಪರಕೀಯನಿಗೆ ಎದುರು ಮಾತು ಕೊಡುವುದು!


ಮಾಟುಂಗಾ ಮೈಸೂರಿಗ

ತಡವಾಗಿ ಬಂದೆ, ಕ್ಷಮಿಸಿ. ಮಳೆ, ಕಿಂಗ್ಸ್ ಸರ್ಕಲ್ ಹೊಳೆಯಾಗಿತ್ತು.

ಒಂದು ಲೆಕ್ಕ ನೋಡಿ. ಡೀನ್–ಜೆರ್ರಿ 1956ರ ಜುಲೈ. ಅಬ್ಬಟ್–ಕಾಸ್ಟೆಲೋ 1957ರ ಜುಲೈ. ಅದಾಗಿ ತಿಂಗಳೊಳಗೆ, 1957ರ ಆಗಸ್ಟ್ 7ರಂದು, ಲಾರೆಲ್–ಹಾರ್ಡಿ ಜೋಡಿಯ ಆಲಿವರ್ ಹಾರ್ಡಿ ತೀರಿಕೊಂಡರು. ಒಂದು ವರ್ಷ ಚಿಲ್ಲರೆ ದಿನಗಳಲ್ಲಿ ಮೂರು ಜೋಡಿ ಖಾಲಿ.

ಲಾರೆಲ್–ಹಾರ್ಡಿ ಮಾತ್ರ ಜಗಳಾಡಿ ಬೇರೆಯಾದವರಲ್ಲ. ಹಾರ್ಡಿ ಹೋದ ಮೇಲೆ ಸ್ಟ್ಯಾನ್ ಲಾರೆಲ್ ಮತ್ತೆ ನಟಿಸಲೇ ಇಲ್ಲ. ಕರೆ ಬಂದರೂ ಒಪ್ಪಲಿಲ್ಲ. ಆದರೆ ಇಬ್ಬರಿಗೂ ಆಗುವಂಥ ಹಾಸ್ಯ ಪ್ರಸಂಗಗಳನ್ನು ಮನೆಯಲ್ಲಿ ಕೂತು ಬರೆಯುತ್ತಲೇ ಇದ್ದರಂತೆ. ಅಂದ ಹಾಗೆ ಕೊಲಾಬಾದ ರೀಗಲ್ ಟಾಕೀಸು 1933ರಲ್ಲಿ ತೆರೆದಾಗ ಮೊದಲು ಹಾಕಿದ್ದು ಲಾರೆಲ್–ಹಾರ್ಡಿ ಸಿನಿಮಾ. ನಮ್ಮ ಮುಂಬೈಗೂ ಇಂಥ ಜೋಡಿಗಳಿಗೂ ಅಷ್ಟು ಹಳೇ ನಂಟು.

ಇನ್ನು ನಮ್ಮವರ ವಿಷಯ. ನರಸಿಂಹರಾಜು ಮತ್ತು ಬಾಲಕೃಷ್ಣ. ಇಬ್ಬರೂ ಕಂಪನಿ ನಾಟಕದ ನೆಲದಿಂದ ಬಂದವರು. ಬಾಲಣ್ಣನಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ ಅನ್ನುವುದು ನಿಮಗೆಲ್ಲ ಗೊತ್ತು. ಎದುರಿನವರ ತುಟಿ ನೋಡಿ ತನ್ನ ಮಾತು ಎತ್ತಿಕೊಳ್ಳುತ್ತಿದ್ದರು. ಇದನ್ನು ತಿಳಿದ ಮೇಲೆ ಅವರಿಬ್ಬರ ದೃಶ್ಯ ನೋಡಿ, ಬೇರೆಯೇ ಕಾಣುತ್ತದೆ. ಬಾಲಣ್ಣ ಎದುರಿನವರನ್ನು ಕಣ್ಣು ಕೀಲಿಸಿ ನೋಡುತ್ತಾರೆ. ನಾವು ಅದನ್ನು ಪಾತ್ರದ ಕುತಂತ್ರ ಅಂದುಕೊಳ್ಳುತ್ತೇವೆ. ಕೇಳಿಸಿಕೊಳ್ಳುವುದೂ ಅದೇ ಕಣ್ಣಿನಲ್ಲೇ ಅಲ್ಲವಾ? ನರಸಿಂಹರಾಜು 1979ರಲ್ಲಿ ಹೋದರು, ಬಾಲಣ್ಣ 1995ರಲ್ಲಿ. ಅವರಿಬ್ಬರು ಬೇರೆಯಾದರು ಅಂತ ಯಾರೂ ಹೇಳಲಿಲ್ಲ.


ಡೊಂಬಿವಲಿ ಲೋಕಲ್

ಬೇರೆಯಾಗಲು ಅವರು ಜೋಡಿ ಅಂತ ಬೋರ್ಡ್ ಹಾಕಿಕೊಂಡಿರಲಿಲ್ಲವಲ್ಲ ಸರ್! ಒಂದು ಸಿನಿಮಾದಲ್ಲಿ ಒಟ್ಟಿಗೆ, ಇನ್ನೊಂದರಲ್ಲಿ ಬಾಲಣ್ಣ ಖಳ, ಮತ್ತೊಂದರಲ್ಲಿ ನರಸಿಂಹರಾಜು ಒಬ್ಬರೇ. ಯಾರ ಹೆಸರು ಮೊದಲು, ಯಾರಿಗೆ ಎಷ್ಟು ಪಾಲು ಅನ್ನುವ ಕಾಗದವೇ ಇರಲಿಲ್ಲ. ಡೀನ್–ಜೆರ್ರಿ ಹತ್ತು ವರ್ಷ ಪ್ರತಿ ದಿನ ಒಂದೇ ಹಗ್ಗದಲ್ಲಿ ಕಟ್ಟಿದ್ದ ಹಾಗೆ. ಹದಿನಾರು ಸಿನಿಮಾ, ಅದರ ಮೇಲೆ ಟಿವಿ, ರೇಡಿಯೋ, ಕ್ಲಬ್. ಗಂಡ ಹೆಂಡತಿಯೂ ಅಷ್ಟು ಹೊತ್ತು ಮುಖ ನೋಡಿಕೊಳ್ಳುವುದಿಲ್ಲ.

ಮತ್ತೆ ಮಾಣಿ ಮಾಮ, ನೀವು ಒಂದು ಬಿಟ್ಟಿರಿ. ಕೊನೆ ಕೊನೆಗೆ ಜೆರ್ರಿ ಹೋಗಿ, ನಮ್ಮಿಬ್ಬರ ನಡುವೆ ಪ್ರೀತಿ ಇದೆ, ಅದಕ್ಕೇ ನಾವು ಗೆದ್ದದ್ದು ಅಂತ ಏನೋ ಹೇಳಿದ. ಅದಕ್ಕೆ ಡೀನ್, 'ನೀನು ನನಗೆ ಬರೀ ಒಂದು ಡಾಲರ್ ಗುರುತು' ಅಂದನಂತೆ. ಇದು ಜೆರ್ರಿಯೇ ಹೇಳಿಕೊಂಡದ್ದು. ಹಾಗೆ ಅನ್ನಿಸಿಕೊಂಡವನ ಹೊಟ್ಟೆಗೆ ಹೇಗಾಗಬೇಡ? ನಿಮ್ಮ ಭಾಗವತರು ಅಷ್ಟು ಕೆಟ್ಟ ಮಾತು ಆಡುತ್ತಾರಾ?


ಚೆಂಡೆ ಸದ್ದು (ಭಾಂಡುಪ್)

ಮೇಳ ಬಿಡುವ ಹೊತ್ತಿಗೆ ಇದಕ್ಕಿಂತ ಕೆಟ್ಟ ಮಾತು ಆಡಿದವರನ್ನು ನೋಡಿದ್ದೇನೆ ಅಕ್ಕ. ಹೆಸರು ಹೇಳುವುದಿಲ್ಲ.


ಫೋರ್ಟ್ ಮಾಣಿ (ಮುಲುಂಡ್)

ಆ ಮಾತು ಕೆಟ್ಟದ್ದೇ. ಒಪ್ಪಿದೆ. ಜೆರ್ರಿ ಕಡೆಯ ನೋವು ಸಣ್ಣದು ಅಂತ ನಾನು ಹೇಳುವುದಿಲ್ಲ. ಕೊನೆಯ ಸಿನಿಮಾ ಹಾಲಿವುಡ್ ಆರ್ ಬಸ್ಟ್ ಮಾಡುವಾಗ ಇಬ್ಬರೂ ಶಾಟ್ ಮುಗಿದರೆ ಮಾತಾಡುತ್ತಿರಲಿಲ್ಲ. ಆ ಸಿನಿಮಾ ತಾನು ನೋಡಲೇ ಇಲ್ಲ ಅಂತ ಜೆರ್ರಿ ಹೇಳಿಕೊಂಡ.

ಆದರೆ ನನ್ನ ಮಾತು ಹೇಳುತ್ತೇನೆ ಅಂದಿದ್ದೆನಲ್ಲ. ಸಿನಿಮಾದಿಂದ ಅಲ್ಲ, ನಮ್ಮ ಹೋಟೆಲಿನಿಂದ ಹೇಳುತ್ತೇನೆ.

ನಮ್ಮ ಹೋಟೆಲಿಗೆ ಇಬ್ಬರು ಪಾಲುದಾರರು. ಗಲ್ಲಾದಲ್ಲಿ ಶೆಟ್ರು, ಒಳಗೆ ಭಟ್ರು. ಶೆಟ್ರು ಗಲ್ಲಾದಲ್ಲಿ ಕೂತರೆ ಸಂತೆ. ಗುಜರಾತಿಯವರಿಗೆ ಗುಜರಾತಿ, ಪಾರ್ಸಿಗಳಿಗೆ ಅವರದೇ ಧಾಟಿ, ಹೈಕೋರ್ಟಿನ ವಕೀಲರಿಗೆ ಮುರುಕು ಇಂಗ್ಲಿಷು. ಗಿರಾಕಿಗಳು ಇಡ್ಲಿಗಿಂತ ಜಾಸ್ತಿ ಅವರ ಮಾತು ತಿನ್ನಲು ಬರುತ್ತಿದ್ದರು. ಭಟ್ರು ಒಳಗಿನಿಂದ ಹೊರಗೆ ಬರುತ್ತಿರಲಿಲ್ಲ. ಅಡುಗೆಮನೆಗೆ ಒಂದು ಕಿಂಡಿ, ಪಾತ್ರೆ ದಾಟಿಸುವುದಕ್ಕೆ. ಕಿಂಡಿಯಲ್ಲಿ ನಿಂತು ನೋಡಿದರೆ ಎಡಕ್ಕೆ ಗಲ್ಲಾ. ಶೆಟ್ರು ಏನಾದರೂ ತಮಾಷೆ ಹೇಳಿದ ತಕ್ಷಣ ಬಲಕ್ಕೆ ತಿರುಗಿ ಕಿಂಡಿ ನೋಡುತ್ತಿದ್ದರು. ಭಟ್ರು ಅಲ್ಲಿಂದ ಒಂದೇ ಒಂದು ಮಾತು ಹೇಳುತ್ತಿದ್ದರು. 'ಸಾಂಬಾರು ಆರ್ತಾ ಉಂಟು.' ಅಷ್ಟೇ, ಮುಖದಲ್ಲಿ ನಗು ಇಲ್ಲ. ಗಿರಾಕಿಗಳು ಬಿದ್ದು ಬಿದ್ದು ನಗುತ್ತಿದ್ದರು.

ಎಲ್ಲರೂ ಅದನ್ನು 'ಶೆಟ್ರ ಹೋಟೆಲು' ಅನ್ನುತ್ತಿದ್ದರು. ಭಟ್ರಿಗೂ ಅರ್ಧ ಪಾಲು ಇದೆ ಅಂತ ಎಷ್ಟೋ ಗಿರಾಕಿಗಳಿಗೆ ಗೊತ್ತೇ ಇರಲಿಲ್ಲ. ಒಂದು ದಿನ ಯಾರೋ ಒಬ್ಬ ದೊಡ್ಡ ಗಿರಾಕಿ ಮಗಳ ಮದುವೆ ಕಾಗದ ತಂದುಕೊಟ್ಟ. ಶೆಟ್ರಿಗೆ ಮನೆಮಂದಿಗೆಲ್ಲ ಕರೆ. 'ಅಡುಗೆಗೆ ನಿಮ್ಮ ಭಟ್ರನ್ನು ಕಳಿಸಿ' ಅಂದ. ಭಟ್ರು ಕಿಂಡಿಯಲ್ಲೇ ಇದ್ದರು. ಶೆಟ್ರು ಆಗ ಒಂದು ಮಾತು ಹೇಳಬಹುದಿತ್ತು, ಇವರು ಬರೀ ಅಡುಗೆ ಭಟ್ರಲ್ಲ, ನನ್ನ ಪಾಲುದಾರರು ಅಂತ. ಹೇಳಲಿಲ್ಲ. ನಕ್ಕು, ಕಿಂಡಿ ಕಡೆ ತಿರುಗಿದರು. ಆ ದಿನ ಕಿಂಡಿಯಿಂದ ಮಾತು ಬರಲಿಲ್ಲ.

ಆರು ತಿಂಗಳೊಳಗೆ ಪಾಲಾಯಿತು. 1971. ರುಬ್ಬುವ ಕಲ್ಲು ಒಬ್ಬರಿಗೆ, ಬೋರ್ಡು ಇನ್ನೊಬ್ಬರಿಗೆ. ಯಾವುದು ಯಾರಿಗೆ ಅಂತ ಹೇಳಬೇಕಾಗಿಲ್ಲ. ಸ್ಟೀಲ್ ಲೋಟಗಳನ್ನು ನನ್ನ ಕೈಯಲ್ಲೇ ಎಣಿಸಿದರು. ಒಂದು ಲೋಟ ಹೆಚ್ಚಾಯಿತು. ಇಬ್ಬರೂ ಬೇಡ ಅಂದರು.

ಭಟ್ರು ಘಾಟ್‌ಕೋಪರ್‌ನಲ್ಲಿ ಹೋಟೆಲ್ ಹಾಕಿದರು. ಆ ರುಚಿ ಇವತ್ತಿಗೂ ನನ್ನ ನಾಲಿಗೆಯಲ್ಲಿದೆ, ಆದರೆ ಗಿರಾಕಿಗಳ ಹತ್ತಿರ ಮಾತಾಡುವವರೇ ಇಲ್ಲ. ಮುಖ ಗಂಟಿಕ್ಕಿದ ಹೋಟೆಲು ಅಂತ ಹೆಸರಾಯಿತು. ಇಲ್ಲಿ ಶೆಟ್ರು ಎಂದಿನ ಹಾಗೆ ತಮಾಷೆ ಮಾಡಿ ಬಲಕ್ಕೆ ತಿರುಗುತ್ತಿದ್ದರು. ಕಿಂಡಿಯಲ್ಲಿ ಹೊಸ ಅಡುಗೆಯವ, ಹಲ್ಲು ಬಿಟ್ಟು ನಗುತ್ತಿದ್ದ. ಪಾಪ, ಅವನು ನಕ್ಕಾಗಲೆಲ್ಲ ಶೆಟ್ರ ಮುಖ ಇಳಿಯುತ್ತಿತ್ತು.

ನಾನು ಡೀನ್ ಕಡೆ ಯಾಕೆ ಅಂತ ಈಗ ತಿಳಿಯಿತಾ?


ಧಾರವಾಡದವ (ಕೊಥ್ರೂಡ್, ಪುಣೆ)

ಓದಿ ಸುಮ್ಮನೆ ಕೂತೆ. ಆ ಹೆಚ್ಚಾದ ಲೋಟ ಏನಾಯಿತು ರೀ?


ಫೋರ್ಟ್ ಮಾಣಿ (ಮುಲುಂಡ್)

ನನ್ನ ಹತ್ತಿರ ಉಂಟು. ಹಲ್ಲುಜ್ಜುವ ಬ್ರಶ್ಶು ಇಡುತ್ತೇನೆ.


ಡೊಂಬಿವಲಿ ಲೋಕಲ್

ಮಾಮ, ಅರ್ಧ ಒಪ್ಪಿದೆ. ಅರ್ಧ ಇನ್ನೂ ಜೆರ್ರಿ ಕಡೆಯೇ.

ಆದರೆ ಒಂದು ನಿಜ. ಬೇರೆಯಾದಾಗ ಎಲ್ಲರೂ ಡೀನ್ ಮುಳುಗಿದ ಅಂತಲೇ ಹೇಳಿದರು. ಒಬ್ಬನೇ ಮಾಡಿದ ಮೊದಲ ಸಿನಿಮಾ 1957ರಲ್ಲಿ ಮಕಾಡೆ ಮಲಗಿತು. ಆಮೇಲೆ 1958ರಲ್ಲಿ ಮರ್ಲನ್ ಬ್ರಾಂಡೋ ಜೊತೆ, 1959ರಲ್ಲಿ ಜಾನ್ ವೇನ್ ಜೊತೆ. ಎದ್ದು ನಿಂತ. 1964ರಲ್ಲಿ ಬೀಟಲ್ಸ್ ಹಾಡನ್ನು ಕೆಳಗಿಳಿಸಿ ಅವನ ಹಾಡು ಅಮೆರಿಕದಲ್ಲಿ ಒಂದನೇ ಜಾಗಕ್ಕೆ ಬಂತು. ಅಪ್ಪ ಇಸ್ತ್ರಿ ಹಾಕುವಾಗ ಕೇಳುತ್ತಿದ್ದದ್ದು ಅದೇ. 1965ರಿಂದ ಒಂಬತ್ತು ವರ್ಷ ಟಿವಿಯಲ್ಲಿ ಅವನದೇ ಕಾರ್ಯಕ್ರಮ. ಬರೀ ನಿಲ್ಲುವವನಾಗಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಇದನ್ನು ಅಪ್ಪ ಇದ್ದಾಗಲೇ ಒಪ್ಪಿಕೊಳ್ಳಬೇಕಿತ್ತು ನಾನು.


ಮಾಟುಂಗಾ ಮೈಸೂರಿಗ

ಹೊಸಬರಿಗಾಗಿ ಮುಂದಿನದನ್ನೂ ಹೇಳಿಬಿಡುತ್ತೇನೆ. ಹೆಚ್ಚುಕಡಿಮೆ ಇಪ್ಪತ್ತು ವರ್ಷ ಇಬ್ಬರೂ ದೂರ. ಜೆರ್ರಿ ಸ್ನಾಯು ರೋಗದ ಮಕ್ಕಳಿಗಾಗಿ ಪ್ರತಿ ವರ್ಷ ಟಿವಿಯಲ್ಲಿ ಚಂದಾ ಎತ್ತುವ ದೊಡ್ಡ ಕಾರ್ಯಕ್ರಮ ನಡೆಸುತ್ತಿದ್ದ. 1976ರ ಸೆಪ್ಟೆಂಬರ್‌ನಲ್ಲಿ ಅಲ್ಲಿಗೆ ಬಂದ ಹಾಡುಗಾರ ಫ್ರಾಂಕ್ ಸಿನಾತ್ರಾ, 'ನನ್ನ ಗೆಳೆಯನೊಬ್ಬ ಬಂದಿದ್ದಾನೆ' ಅಂತ ಹೇಳಿ ಕರೆಸಿದ್ದು ಡೀನ್‌ನನ್ನು. ಜೆರ್ರಿಗೆ ಮೊದಲೇ ಗೊತ್ತಿರಲಿಲ್ಲ. ತಬ್ಬಿಕೊಂಡರು. ಜನ ಚಪ್ಪಾಳೆ ನಿಲ್ಲಿಸುವುದಿಲ್ಲ. ಇಷ್ಟು ವರ್ಷದ ಮೇಲೆ ಏನು ಮಾತಾಡಬೇಕು? ಜೆರ್ರಿ ಕೇಳಿದ: 'ಮತ್ತೆ, ಕೆಲಸ ಗಿಲಸ ಇದೆಯಾ?'

1987ರಲ್ಲಿ ಡೀನ್‌ನ ಮಗ ವಿಮಾನ ಅಪಘಾತದಲ್ಲಿ ತೀರಿಕೊಂಡಾಗ ಜೆರ್ರಿ ಯಾರಿಗೂ ಹೇಳದೆ ಹೋಗಿ ಹಿಂದೆ ಕೂತಿದ್ದು ಬಂದ. ಅದಾದ ಮೇಲೆ ಮಾತು ಮತ್ತೆ ಶುರುವಾಯಿತು. 1989ರಲ್ಲಿ ಡೀನ್‌ಗೆ 72 ತುಂಬಿತು. ಲಾಸ್ ವೇಗಸ್‌ನಲ್ಲಿ ಅವನು ಹಾಡುತ್ತಿದ್ದ ವೇದಿಕೆಗೇ ಜೆರ್ರಿ ಕೇಕ್ ತಳ್ಳಿಕೊಂಡು ಬಂದ. ನಾವು ಯಾಕೆ ಬೇರೆಯಾದೆವೋ ನನಗೆ ತಿಳಿಯದು ಅಂತ ಅಲ್ಲೇ ಹೇಳಿದ. ಡೀನ್ 1995ರ ಕ್ರಿಸ್‌ಮಸ್ ದಿನ ಹೋದ. ಜೆರ್ರಿ 2017ರ ಆಗಸ್ಟ್‌ನಲ್ಲಿ.


ಹೊಸಬ 27

ಮಾಣಿ ಅಂಕಲ್, ಹೆಬ್ಬೆರಳು ಇಟ್ಟು ನೋಡಿದೆ. ವಾಶಿ ಸೇತುವೆ ದಾಟುವಾಗ. ಪಕ್ಕದವರು ಫೋನ್ ಒಡೆದಿದೆಯಾ ಅಂತ ಕೇಳಿದರು.

ಒಂದು ಕಡೆ ಜೆರ್ರಿ ಏನೋ ಮಾಡ್ತಾನೆ, ನನಗೆ ಕಾಣ್ತಿಲ್ಲ. ಡೀನ್ ತಿರುಗ್ತಾನೆ. ಬೈಬೇಕು ಅಂತ ಬಾಯಿ ತೆಗೀತಾನೆ. ಆಗಲ್ಲ. ತುಟಿ ಕಚ್ಚಿಕೊಂಡು ಛಾವಣಿ ನೋಡ್ತಾನೆ. ಅವನಿಗೆ ನಿಜವಾಗಲೂ ನಗು ಬಂದಿದೆ, ತಡೀತಿದಾನೆ. ನಾನು ಜೆರ್ರಿಯನ್ನು ನೋಡದೇ ನಕ್ಕೆ. ಮಾನ್‌ಖುರ್ದ್ ಬರೋವರೆಗೂ ಅದನ್ನೇ ಮೂರು ಸಲ ಹಾಕಿದೆ.

ಅಂಕಲ್, ಆ ಶೆಟ್ರು, ಭಟ್ರು ಆಮೇಲೆ ಮಾತಾಡಿದ್ರಾ?


ಫೋರ್ಟ್ ಮಾಣಿ (ಮುಲುಂಡ್)

ಮಾತಾಡಿದರು ಅಂತ ಹೇಳುವುದೋ ಬೇಡವೋ ಗೊತ್ತಿಲ್ಲ. ಆದದ್ದನ್ನು ಹೇಳುತ್ತೇನೆ.

ಪಾಲಾಗಿ ಏಳೆಂಟು ವರ್ಷ ಆಗಿತ್ತು. ಮಳೆಗಾಲ. ಊರಿನ ಮೇಳದವರು ಬಂದಿದ್ದರು, ಮಾಟುಂಗದಲ್ಲಿ ಆಟ. ನಾನು ಆಗ ಹೋಟೆಲ್ ಬಿಟ್ಟು ಬೇರೆ ಕೆಲಸದಲ್ಲಿದ್ದೆ, ಆದರೂ ಶೆಟ್ರನ್ನು ಕರೆದುಕೊಂಡು ಹೋಗಿದ್ದೆ. ಮುಂದಿನ ಸಾಲಿನಲ್ಲಿ ಕೂತೆವು. ಹಿಂದೆ ನೋಡಿದರೆ ನಾಲ್ಕು ಸಾಲು ಆಚೆ ಭಟ್ರು. ಒಬ್ಬರೇ. ನಾನು ಹೇಳಲಿಲ್ಲ.

ಹಾಸ್ಯಗಾರ ಬಂದ. ಮುಂಬೈ ಜನಕ್ಕೆ ಅಂತ ಹೋಟೆಲಿನ ಮೇಲೆ ಏನೋ ಒಂದು ಮಾತು ಹಾಕಿದ. ಸಭೆ ಹೋ ಅಂತ ನಕ್ಕಿತು. ಶೆಟ್ರು ನಕ್ಕು, ಅಭ್ಯಾಸಬಲ, ಬಲಕ್ಕೆ ತಿರುಗಿದರು. ನಾನು ಹಿಂದೆ ನೋಡಿದೆ. ಭಟ್ರ ಮುಖದಲ್ಲಿ ನಗು ಇಲ್ಲ, ಆದರೆ ಎಡಕ್ಕೆ ತಿರುಗಿದ್ದರು. ಅಲ್ಲಿ ಯಾರೋ ಮಗು ಎತ್ತಿಕೊಂಡ ಹೆಂಗಸು. ಅಲ್ಲಿಂದ ಕಣ್ಣು ಮುಂದಕ್ಕೆ ಬಂತು. ಇವರದು ಹಿಂದಕ್ಕೆ ಹೋಯಿತು. ಅಷ್ಟರಲ್ಲಿ ಚೆಂಡೆ ಬಡಿಯಿತು.

ಆಟದ ನಡುವೆ ಶೆಟ್ರು ನನಗೆ ದುಡ್ಡು ಕೊಟ್ಟು ಎರಡು ಚಾ ತರಿಸಿದರು. ಒಂದು ತಾವು ಕುಡಿದರು. 'ಇದನ್ನು ಹಿಂದೆ ಕೊಡು. ಚಾ ಬಿಸಿ ಉಂಟು, ಆರಿಸಬೇಡಿ ಅಂತ ಹೇಳು' ಅಂದರು. ಕೊಟ್ಟೆ. ಹೇಳಿದೆ. ಭಟ್ರು ಒಂದು ಗುಟುಕು ಕುಡಿದರು. ಲೋಟ ಕೆಳಗಿಟ್ಟು, ಮುಖದಲ್ಲಿ ಏನೂ ಇಲ್ಲದೆ, 'ಪುಡಿ ಜಾಸ್ತಿ ಕುದಿಸಿದ್ದಾರೆ. ಹೋಗಿ ಹೇಳು' ಅಂದರು.

ಹೋಗಿ ಹೇಳಿದೆ. ಶೆಟ್ರಿಗೆ ಚಾ ನೆತ್ತಿಗೆ ಹತ್ತಿತು, ಅಷ್ಟು ನಕ್ಕರು.